ಕೈ ತಾನಾಗಿ ಹೋಗುವ ಜಾಗ

ಮೊಬೈಲನ್ನು ದಿನಕ್ಕೆ ಎಷ್ಟು ಹೊತ್ತು ನೋಡಿದರೆ ಅದು ಚಟ? ಈ ವಿಷಯ ಬಂದಾಗಲೆಲ್ಲ ಮೊದಲು ಎದುರಾಗುವ ಪ್ರಶ್ನೆ ಇದೇ. 2 ಗಂಟೆಯೇ, 4 ಗಂಟೆಯೇ, 6 ಗಂಟೆಯೇ? ಕೇಳುವುದು ಸಹಜ, ಆದರೆ ಪ್ರಶ್ನೆ ದಾರಿ ತಪ್ಪಿಸುತ್ತದೆ. ದಿನಕ್ಕೆ 7 ಗಂಟೆ ಪರದೆಯ ಮುಂದೆ ಕೂತು ಸಂಗೀತ ಜೋಡಿಸುವವರಿದ್ದಾರೆ, ಪಾಠ ಮಾಡುವವರಿದ್ದಾರೆ. ಸಂಜೆ ಅದನ್ನು ಮುಚ್ಚಿಟ್ಟು ಎದ್ದು ಹೋಗಲು ಅವರಿಗೆ ಏನೂ ಕಷ್ಟವಿಲ್ಲ. ದಿನಕ್ಕೆ 40 ನಿಮಿಷ ಮಾತ್ರ ಬೆಟ್ಟಿಂಗ್ ಆ್ಯಪ್ ತೆರೆದು, ಉಳಿತಾಯವನ್ನೆಲ್ಲ ಕಳೆದುಕೊಂಡು ಸಾಲಕ್ಕೆ ಬಿದ್ದವರೂ ಇದ್ದಾರೆ. ಇವರಿಬ್ಬರ ನಡುವಿನ ವ್ಯತ್ಯಾಸವನ್ನು ಗಡಿಯಾರ ಹೇಳುವುದಿಲ್ಲ.

ಅದನ್ನು ಹೇಳುವ ಸಂಗತಿಗಳು ಬೇರೆ. ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ 11ನೇ ಆವೃತ್ತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು 2019ರ ಮೇ ತಿಂಗಳಲ್ಲಿ ಒಪ್ಪಿದವು. 2022ರ ಜನವರಿ 1ರಿಂದ ಅದು ಜಾರಿಗೆ ಬಂತು. ಗೇಮಿಂಗ್ ಕಾಯಿಲೆಗೆ ಅದರಲ್ಲಿ ಜಾಗ ಸಿಕ್ಕಿದೆ, ಆದರೆ ಗಂಟೆಯ ಲೆಕ್ಕ ಎಲ್ಲೂ ಇಲ್ಲ. ಆಟ ಯಾವಾಗ ಶುರುವಾಗಬೇಕು, ಎಷ್ಟು ಹೊತ್ತು ನಡೆಯಬೇಕು, ಯಾವಾಗ ನಿಲ್ಲಬೇಕು ಎಂಬುದರ ಮೇಲೆ ಹಿಡಿತ ತಪ್ಪಿರಬೇಕು. ಉಳಿದ ಆಸಕ್ತಿಗಳನ್ನೂ ದಿನನಿತ್ಯದ ಕೆಲಸಗಳನ್ನೂ ಹಿಂದಕ್ಕೆ ತಳ್ಳಿ ಆಟವೇ ಮುಂದೆ ಬಂದು ಕೂತಿರಬೇಕು. ಕೆಡುಕು ಕಣ್ಣೆದುರೇ ಕಾಣುತ್ತಿದ್ದರೂ ಅದು ಮುಂದುವರಿದಿರಬೇಕು. ಇವೆಲ್ಲ ಸೇರಿ ಮನೆ, ಓದು, ಉದ್ಯೋಗ, ಸಂಬಂಧಗಳಿಗೆ ದೊಡ್ಡ ಪೆಟ್ಟು ಬಿದ್ದಿರಬೇಕು, ಸಾಮಾನ್ಯವಾಗಿ 12 ತಿಂಗಳಾದರೂ ಹೀಗೇ ನಡೆದಿರಬೇಕು. ತೀವ್ರವಾಗಿದ್ದರೆ ಅಷ್ಟು ಕಾಲ ಕಾಯಬೇಕಿಲ್ಲ. ಪರೀಕ್ಷೆ ಮುಗಿದ ರಜೆಯಲ್ಲಿ ಮೂರು ವಾರ ಹಗಲೂ ರಾತ್ರಿ ಆಡಿದ ಹುಡುಗನಿಗೆ ಈ ಹೆಸರು ಹಚ್ಚಲು ಬರುವುದಿಲ್ಲ.

ಜೂಜಿನ ಕಥೆ ಇದಕ್ಕಿಂತ ಹಳೆಯದು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಅದು 1980ರಲ್ಲೇ ಬಂದಿತ್ತು, ಆದರೆ ಆವೇಗ ತಡೆಯಲಾಗದ ಕಾಯಿಲೆಗಳ ಸಾಲಿನಲ್ಲಿ. 2013ರಲ್ಲಿ ಬಂದ 5ನೇ ಆವೃತ್ತಿ ಅದನ್ನು ಮದ್ಯ, ಮಾದಕ ವಸ್ತುಗಳ ಪಕ್ಕಕ್ಕೇ ತಂದು ಕೂರಿಸಿತು. ದೇಹಕ್ಕೆ ಯಾವ ವಸ್ತುವೂ ಹೋಗದೆ ವ್ಯಸನ ಉಂಟಾಗಬಹುದು ಎಂಬುದನ್ನು ವೈದ್ಯಶಾಸ್ತ್ರ ಔಪಚಾರಿಕವಾಗಿ ಒಪ್ಪಿದ್ದು ಹೀಗೆ. ಇಂಟರ್‌ನೆಟ್ ಗೇಮಿಂಗ್ ಅದೇ ಕೈಪಿಡಿಯಲ್ಲಿ ಇನ್ನೂ ಅಧ್ಯಯನ ಬೇಕು ಎಂಬ ಭಾಗದಲ್ಲಿದೆ: 9 ಲಕ್ಷಣಗಳಲ್ಲಿ 5 ಇರಬೇಕು ಎಂಬುದು ಅದರ ಅಳತೆ. ಸಾಮಾಜಿಕ ಜಾಲತಾಣ, ರೀಲ್ಸ್, ಆನ್‌ಲೈನ್ ಖರೀದಿ ಇವು ಎರಡು ಪಟ್ಟಿಗಳಲ್ಲೂ ವ್ಯಸನವೆಂದು ಪ್ರತ್ಯೇಕವಾಗಿ ದಾಖಲಾಗಿಲ್ಲ. ಅಶ್ಲೀಲ ದೃಶ್ಯಗಳ ಗೀಳಿನಿಂದ ಬಳಲುವವರಿಗೆ ಅನ್ವಯಿಸಬಹುದಾದ ಕಾಯಿಲೆಯೊಂದು 11ನೇ ವರ್ಗೀಕರಣದಲ್ಲಿದೆ, ಆದರೆ ಆವೇಗಗಳ ಸಾಲಿನಲ್ಲಿ. ಅಲ್ಲಿ ಬಹಳ ಮುಖ್ಯವಾದ ಎಚ್ಚರಿಕೆಯೊಂದಿದೆ: ಮಾಡಿದ್ದು ನೈತಿಕವಾಗಿ ತಪ್ಪು ಎಂಬ ಸಂಕಟ ಒಂದೇ ಇದ್ದರೆ ಅದು ಕಾಯಿಲೆಯಾಗುವುದಿಲ್ಲ. ತನ್ನನ್ನು ತಾನು ವ್ಯಸನಿ ಎಂದು ಕರೆದುಕೊಂಡು ನರಳುವ ಎಷ್ಟೋ ಜನರಿಗೆ ಈ ಒಂದು ಸಾಲು ಗೊತ್ತಿರಬೇಕಿತ್ತು.

ಪಟ್ಟಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ತೊಂದರೆ ಇಲ್ಲವೆಂದಲ್ಲ. ಕಾಯಿಲೆಯ ಮಟ್ಟ ಮುಟ್ಟದೆ ನಿದ್ದೆ ತಿನ್ನುವ, ಓದು ಕೆಡಿಸುವ, ಎದುರಿಗಿರುವವರ ಮಾತು ಕಿವಿಗೆ ಬೀಳದಂತೆ ಮಾಡುವ ಬಳಕೆಯೇ ಹೆಚ್ಚು. ಅದಕ್ಕೆ ವೈದ್ಯರ ಚೀಟಿ ಬೇಕಿಲ್ಲ, ಬೇರೆ ತರದ ಗಮನ ಬೇಕು.

ಕನ್ನಡದಲ್ಲಿ 'ಚಟ' ಎಂದರೆ ಬೈಗುಳ, 'ಗೀಳು' ಎಂದರೆ ಸ್ವಲ್ಪ ನಗೆ. 'ವ್ಯಸನ' ಎಂಬ ಪದಕ್ಕೆ ಮಾತ್ರ ಎರಡು ಮುಖಗಳಿವೆ. ವ್ಯಸನವೆಂದರೆ ದುಃಖ ಕೂಡ. 'ವ್ಯಸನಪಡಬೇಡ' ಎಂದು ಸಮಾಧಾನ ಹೇಳುವ ಭಾಷೆ ನಮ್ಮದು. ಬಿಡಲಾಗದ ಅಭ್ಯಾಸಕ್ಕೂ ಒಳಗಿನ ನೋವಿಗೂ ಒಂದೇ ಪದ ಇರುವುದು ಈ ವಿಷಯವನ್ನು ಹತ್ತಿರದಿಂದ ಬಲ್ಲವರಿಗೆ ಆಶ್ಚರ್ಯ ತರುವುದಿಲ್ಲ. ಮುಂದೆ ಹೇಳುವ ಎಲ್ಲ ಉಪಾಯಗಳೂ ಒಂದು ಪ್ರಶ್ನೆಯ ಸುತ್ತಲೇ ಇವೆ: ಫೋನು ಈ ಮನುಷ್ಯನ ದಿನದಲ್ಲಿ ಯಾವ ಕೆಲಸ ಮಾಡಿಕೊಡುತ್ತಿದೆ?

ಬೇಕೆನಿಸುವುದು, ಹಿತವೆನಿಸುವುದು

ಡೋಪಮಿನ್ ಎಂದರೆ ಮೆದುಳಿನ ಸುಖದ ರಾಸಾಯನಿಕ ಎಂದು ಎಲ್ಲೆಡೆ ಬರೆಯುತ್ತಾರೆ. ಆ ಒಂದು ತಪ್ಪಿನಿಂದಲೇ ಮುಂದಿನ ಅರ್ಧ ಸಲಹೆಗಳು ದಾರಿ ತಪ್ಪುತ್ತವೆ. 1954ರಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬ ವಿಜ್ಞಾನಿಗಳು ಇಲಿಗಳ ಮೆದುಳಿನ ಒಂದು ಭಾಗಕ್ಕೆ ತಂತಿ ಇಟ್ಟು, ಸನ್ನೆಕೋಲು ಒತ್ತಿದರೆ ಸಣ್ಣ ವಿದ್ಯುತ್ ಹರಿಯುವಂತೆ ಮಾಡಿದರು. ಇಲಿಗಳು ಒತ್ತುತ್ತಲೇ ಹೋದವು. ಮೆದುಳಿನ ಸುಖದ ಕೇಂದ್ರ ಸಿಕ್ಕಿತು ಎಂದು ಆಗ ಎಲ್ಲರೂ ತಿಳಿದರು. ಕೆಂಟ್ ಬೆರಿಜ್ ಮತ್ತು ಟೆರ್ರಿ ರಾಬಿನ್ಸನ್ ಅದನ್ನು ಮುಂದೆ ಬಿಡಿಸಿ ನೋಡಿದರು. 1993ರಲ್ಲಿ ಅವರು ಮಂಡಿಸಿದ ವಾದದ ತಿರುಳು ಇಷ್ಟು: ಬೇಕೆನಿಸುವುದು ಒಂದು ವ್ಯವಸ್ಥೆ, ಹಿತವೆನಿಸುವುದು ಇನ್ನೊಂದು. ಡೋಪಮಿನ್ ಮುಖ್ಯವಾಗಿ ಮೊದಲನೆಯದನ್ನು ನಡೆಸುತ್ತದೆ. ವ್ಯಸನ ಬಲಿತಂತೆ ಬೇಕೆನಿಸುವುದು ಏರುತ್ತಾ ಹೋಗುತ್ತದೆ, ಹಿತ ಅಲ್ಲೇ ಉಳಿಯುತ್ತದೆ ಅಥವಾ ಇಳಿಯುತ್ತದೆ.

ರಾತ್ರಿ ಒಂದೂವರೆಗೆ ರೀಲ್ಸ್ ನೋಡುತ್ತಿರುವವರನ್ನು ಕೇಳಿ ನೋಡಿ. ಮಜಾ ಬರುತ್ತಿದೆಯೇ ಎಂದರೆ ಇಲ್ಲ ಎನ್ನುತ್ತಾರೆ. ನಿಲ್ಲಿಸುತ್ತೀರಾ ಎಂದರೆ ಬೆರಳು ಇನ್ನೊಂದಕ್ಕೆ ಜಾರಿರುತ್ತದೆ. ಅವರ ನಡತೆ ಸರಿಯಿಲ್ಲವೆಂದು ಹೀಗಾಗುವುದಿಲ್ಲ. ಬೇಕೆಂಬುದಕ್ಕೂ ಹಿತಕ್ಕೂ ನಡುವೆ ಬಿದ್ದ ಬಿರುಕು ಅದು.

ಇನ್ನೊಂದು ತುಣುಕನ್ನು ಕೊಟ್ಟವರು ನರವಿಜ್ಞಾನಿ ವೋಲ್ಫ್ರಮ್ ಶುಲ್ಟ್ಸ್. ಕೋತಿಗಳ ಮೇಲಿನ ಅವರ ಪ್ರಯೋಗಗಳಲ್ಲಿ, ಹಣ್ಣಿನ ರಸ ಅನಿರೀಕ್ಷಿತವಾಗಿ ಸಿಕ್ಕಾಗ ಡೋಪಮಿನ್ ಕೋಶಗಳು ಜೋರಾಗಿ ಮಿಡಿದವು. ರಸಕ್ಕೆ ಮುಂಚೆ ಒಂದು ಸೂಚನೆ ಬರುತ್ತದೆ ಎಂದು ಕಲಿತ ಮೇಲೆ ಮಿಡಿತ ರಸದಿಂದ ಸೂಚನೆಗೆ ಜಾರಿತು. ಸೂಚನೆ ಬಂದೂ ರಸ ಬಾರದಿದ್ದರೆ ಮಿಡಿತ ಮಾಮೂಲಿಗಿಂತ ಕೆಳಗೆ ಕುಸಿಯಿತು. ಫೋನಿನ ವಿಷಯದಲ್ಲಿ ಈ ಸೂಚನೆ ಎಂದರೆ ಟಿಣ್ ಎಂಬ ಸದ್ದು, ಕೆಂಪು ಚುಕ್ಕೆ, ಕೊನೆಗೆ ಮೇಜಿನ ಮೇಲೆ ಮಗುಚಿಟ್ಟ ಫೋನು ಕೂಡ. ಒಳಗೆ ಏನಿದೆ ಎಂದು ನೋಡುವ ಮೊದಲೇ ಸೆಳೆತ ಮುಗಿಲು ಮುಟ್ಟಿರುತ್ತದೆ.

ಇದಕ್ಕೆ ಅನಿಶ್ಚಿತತೆ ಸೇರಿದರೆ ಸೆಳೆತ ಇನ್ನೂ ಗಟ್ಟಿ. ಪ್ರತಿ ಹತ್ತು ಒತ್ತಿಗೆ ಒಂದು ಕಾಳು ಎಂದು ನಿಗದಿಯಾದರೆ ಪ್ರಾಣಿ ಕಾಳು ಸಿಕ್ಕ ಮೇಲೆ ಕೊಂಚ ವಿರಮಿಸುತ್ತದೆ. ಯಾವ ಒತ್ತಿಗೆ ಸಿಗುವುದೋ ತಿಳಿಯದಂತೆ ಮಾಡಿದರೆ ಬಿಡುವಿಲ್ಲದೆ ಒತ್ತುತ್ತದೆ, ಕಾಳು ನಿಂತ ಮೇಲೂ ಬಹಳ ಹೊತ್ತು ಒತ್ತುತ್ತದೆ. ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಮತ್ತು ಸಂಗಡಿಗರು ಪಾರಿವಾಳಗಳ ಮೇಲೆ ದಾಖಲಿಸಿದ ಈ ನಿಯಮವೇ ಜೂಜಿನ ಯಂತ್ರದ ಹೊಟ್ಟೆಯಲ್ಲಿರುವುದು. ಹತ್ತು ವೀಡಿಯೊಗಳಲ್ಲಿ ಒಂಬತ್ತು ಸಪ್ಪೆ, ಒಂದು ಅದ್ಭುತ. ಆ ಒಂದು ಯಾವಾಗ ಎಂದು ಗೊತ್ತಿಲ್ಲದಿರುವುದೇ ಕೈಯನ್ನು ಕಟ್ಟಿಹಾಕುತ್ತದೆ. ಎಲ್ಲವೂ ಅದ್ಭುತವಾಗಿದ್ದಿದ್ದರೆ ಜನ ಬೇಗ ತಣಿದು ಎದ್ದು ಹೋಗುತ್ತಿದ್ದರು.

ಮೊದಲೆಲ್ಲ ಪುಟದ ಕೊನೆ ಎಂಬುದೊಂದಿತ್ತು. 'ಮುಂದಿನ ಪುಟ' ಒತ್ತಬೇಕಾದ ಆ ಅರೆಕ್ಷಣದಲ್ಲಿ ಸಾಕು ಎಂದುಕೊಳ್ಳಲು ಅವಕಾಶವಿತ್ತು. 2006ರಲ್ಲಿ ಏಜ಼ಾ ರಾಸ್ಕಿನ್ ಎಂಬ ವಿನ್ಯಾಸಕಾರರು ರೂಪಿಸಿದ ಕೊನೆಯಿಲ್ಲದ ಸ್ಕ್ರಾಲ್ ಆ ಅಂಚನ್ನೇ ಅಳಿಸಿತು. ಆ ವಿನ್ಯಾಸದ ಪರಿಣಾಮಗಳ ಬಗ್ಗೆ ಅವರೇ ಮುಂದೆ ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದರು. ಒಂದು ವೀಡಿಯೊ ಮುಗಿದ ಕೂಡಲೇ ಇನ್ನೊಂದು ಓಡುವುದೂ ಇದೇ ಜಾತಿಯದು. ಹೀಗೆ ಕಿತ್ತುಹಾಕಿದ ಅಂಚುಗಳನ್ನು ನಾವೇ ಮತ್ತೆ ಕಟ್ಟಿಕೊಳ್ಳುವುದು ಈ ಬರಹದ ಅರ್ಧ ಕೆಲಸ. ಇಚ್ಛಾಶಕ್ತಿಯನ್ನು ಹೊಗಳುವವರ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲದಿರುವುದೂ ಇದಕ್ಕೇ: ದಣಿದ ರಾತ್ರಿಯಲ್ಲಿ ಇಚ್ಛಾಶಕ್ತಿ ಮೊದಲು ಮಲಗುತ್ತದೆ, ಕೋಣೆಯಾಚೆಗಿಟ್ಟ ಚಾರ್ಜರ್ ಮಲಗುವುದಿಲ್ಲ.

'ಡೋಪಮಿನ್ ಡಿಟಾಕ್ಸ್' ಎಂಬ ಮಾತಿನ ಬಗ್ಗೆಯೂ ಇಲ್ಲೇ ಹೇಳಿಬಿಡಬೇಕು. ಡೋಪಮಿನ್ ಹೊಟ್ಟೆಯಲ್ಲಿ ಸೇರಿದ ವಿಷವಲ್ಲ, ಒಂದು ಭಾನುವಾರ ಉಪವಾಸವಿದ್ದು ಹೊರಹಾಕಲು. ನಡೆಯಲು, ಕಲಿಯಲು, ಬೆಳಗ್ಗೆ ಏಳಲೂ ಅದು ಬೇಕು. ಒಂದು ದಿನ ಫೋನ್ ಮುಟ್ಟದಿರುವುದು ಒಳ್ಳೆಯ ವಿಶ್ರಾಂತಿ, ಅಷ್ಟೇ. ಸೋಮವಾರ ಅದೇ ಸೂಚನೆಗಳು ಅದೇ ಜಾಗದಲ್ಲಿ ಕಾಯುತ್ತಿದ್ದರೆ ಸೆಳೆತವೂ ಅಲ್ಲೇ ಇರುತ್ತದೆ.

ಮೊದಲ ವಾರ ಏನನ್ನೂ ಬಿಡಬೇಡಿ

ವಿಚಿತ್ರವೆನಿಸಿದರೂ ಆರಂಭ ಇಲ್ಲಿಂದಲೇ. 7 ದಿನ ಬಳಕೆಯನ್ನು ಹಾಗೇ ಬಿಟ್ಟು, ಬರೆದುಕೊಳ್ಳುವುದು ಮಾತ್ರ. ಕಾಗದದ ಸಣ್ಣ ಪುಸ್ತಕ ಒಳ್ಳೆಯದು. ಫೋನಿನಲ್ಲಿ ಬರೆಯಲು ಹೋದರೆ ಬರೆಯುವ ಮೊದಲೇ ಬೇರೆಲ್ಲೋ ಹೋಗಿರುತ್ತೀರಿ. ಪ್ರತಿ ಸಲಕ್ಕೂ ಒಂದು ಸಾಲು: ಎಷ್ಟು ಗಂಟೆ, ಎಲ್ಲಿ ಕೂತಿದ್ದೆ, ಅದಕ್ಕೆ ಸರಿಯಾಗಿ ಒಂದು ನಿಮಿಷ ಮುಂಚೆ ಏನು ನಡೆದಿತ್ತು, ಆಗ ಏನನಿಸುತ್ತಿತ್ತು, ಏನು ತೆರೆದೆ, ಎಷ್ಟು ಹೊತ್ತಾಯಿತು, ಮುಚ್ಚಿದ ಮೇಲೆ ಹೇಗನಿಸಿತು. ಇವುಗಳಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಆ 'ಒಂದು ನಿಮಿಷ ಮುಂಚೆ'.

ಇಲ್ಲಿ ಎಡವುವುದು ಹೀಗೆ. ದಿನವೆಲ್ಲ ಬಿಟ್ಟು ರಾತ್ರಿ ನೆನಪಿನಿಂದ ತುಂಬುತ್ತಾರೆ. ಆಗ ಬಹಳ ಹೊತ್ತು ಕೂತು ನೋಡಿದ್ದಷ್ಟೇ ನೆನಪಿರುತ್ತದೆ, ಅರ್ಧ ನಿಮಿಷದ ಮೂವತ್ತು ಇಣುಕುಗಳು ಮಾಯವಾಗುತ್ತವೆ. ಎಷ್ಟು ಹೊತ್ತು ನೋಡಿದೆ ಎಂಬ ಸ್ವಂತ ಅಂದಾಜು ಫೋನಿನ ದಾಖಲೆಗೆ ಹೊಂದುವುದು ಕಡಿಮೆ, ಆದ್ದರಿಂದ ಫೋನಿನ ಸೆಟ್ಟಿಂಗ್ಸ್‌ನಲ್ಲಿರುವ ಬಳಕೆಯ ಅಂಕಿಗಳನ್ನು ಪಕ್ಕದಲ್ಲಿ ಬರೆದಿಡಿ. ಒಟ್ಟು ಗಂಟೆಗಿಂತ ಎರಡು ಅಂಕಿಗಳು ಹೆಚ್ಚು ಹೇಳುತ್ತವೆ: ದಿನಕ್ಕೆ ಎಷ್ಟು ಸಲ ಎತ್ತಿಕೊಂಡೆ, ಎಚ್ಚರವಾದ ಎಷ್ಟು ನಿಮಿಷಕ್ಕೆ ಮೊದಲ ಸಲ ಎತ್ತಿಕೊಂಡೆ. ಇನ್ನು ಕೆಲವರು ಈ ಪುಸ್ತಕವನ್ನೇ ತಮ್ಮನ್ನು ಬೈದುಕೊಳ್ಳುವ ಜಾಗ ಮಾಡಿಕೊಂಡು ಮೂರನೇ ದಿನಕ್ಕೆ ಮುಚ್ಚಿಡುತ್ತಾರೆ. ಅಂಗಡಿಯವನು ಸಂಜೆ ಲೆಕ್ಕ ಬರೆಯುವ ಹಾಗೆ ಬರೆಯಬೇಕು, ತೀರ್ಪು ಬೇಡ.

ವಾರದ ಕೊನೆಗೆ ಸಾಲುಗಳನ್ನು ಓದಿದರೆ ಗುಂಪುಗಳು ತಾವಾಗಿ ಕಾಣುತ್ತವೆ. ಒಂದು ತರದ ಸಾಲು ಬರೀ ಬಿಡುವಿನದು: ಲಿಫ್ಟಿಗೆ ಕಾಯುವಾಗ, ಕುಕ್ಕರ್ ಕೂಗುವ ತನಕ. ಅದು ಕೈಯ ರೂಢಿ, ಸುಲಭವಾಗಿ ಬದಲಾಗುತ್ತದೆ. ಇನ್ನೊಂದು ತರದ್ದು ತಪ್ಪಿಸಿಕೊಳ್ಳುವುದಕ್ಕೆ: ಕಷ್ಟದ ಇಮೇಲ್ ಬರೆಯಬೇಕಾದಾಗ, ಮನೆಯಲ್ಲಿ ಮಾತಿಗೆ ಮಾತು ಬೆಳೆದಾಗ, ನಾಳೆಯ ಯೋಚನೆ ಬಂದಾಗ. ಮತ್ತೊಂದು ಒಂಟಿತನದ್ದು, ಆ ಕೆಲಸವನ್ನು ಫೋನು ನಿಜವಾಗಿಯೂ ಸ್ವಲ್ಪಮಟ್ಟಿಗೆ ಮಾಡಿಕೊಡುತ್ತಿರುತ್ತದೆ. ಗೇಮ್ ಆಡುವವರಲ್ಲಿ ಇನ್ನೂ ಒಂದುಂಟು: ಶಾಲೆಯಲ್ಲೋ ಕಚೇರಿಯಲ್ಲೋ ಯಾರೂ ಭೇಷ್ ಎನ್ನದ ಹುಡುಗನಿಗೆ ಅಲ್ಲಿ ಹೆಸರಿದೆ, ದರ್ಜೆಯಿದೆ, ಅವನಿಗಾಗಿ ಕಾಯುವ ತಂಡವಿದೆ. ಅದನ್ನು ಕಿತ್ತುಕೊಂಡು 'ಹೋಗಿ ವಾಕ್ ಮಾಡು' ಎಂದರೆ ಏನು ಸಿಕ್ಕಂತಾಯಿತು? ವಾಕಿಂಗಿನಲ್ಲಿ ಯಾರೂ ಭೇಷ್ ಎನ್ನುವುದಿಲ್ಲ.

ಬದಲಿ ಎಂಬುದು ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಅದೇ ಅಗತ್ಯವನ್ನು ಸ್ವಲ್ಪವಾದರೂ ತುಂಬುವಂತಿರಬೇಕು. ಒಂಟಿತನಕ್ಕೆ ಪುಸ್ತಕ ಬದಲಿಯಲ್ಲ, ಒಬ್ಬರಿಗೆ ಮಾಡುವ ಕರೆ ಬದಲಿ. ತಪ್ಪಿಸಿಕೊಳ್ಳುವುದಕ್ಕೆ ಧ್ಯಾನ ಬದಲಿಯಲ್ಲ, ಆ ಇಮೇಲಿನ ಮೊದಲ ಎರಡು ಸಾಲು ಬರೆದು ನಿಲ್ಲಿಸುವುದು ಬದಲಿ.

ಅಂಚುಗಳನ್ನು ಮತ್ತೆ ಕಟ್ಟುವುದು

ಎರಡನೇ ವಾರದಿಂದ ಬದಲಾವಣೆ, ಒಂದೇ ಸಲಕ್ಕೆ ಒಂದೋ ಎರಡೋ. ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಮಲಗುವ ಕೋಣೆಯದು. ಫೋನಿನ ಚಾರ್ಜರನ್ನು ಕೋಣೆಯ ಹೊರಗೆ ಸ್ಥಿರವಾಗಿಡಿ, ಅಲಾರಂಗೆ ಬೇರೆ ಗಡಿಯಾರ ತನ್ನಿ. ಗಡಿಯಾರ ತರದೆ ಈ ನಿಯಮ ಮಾಡಿದವರು ವಾರದೊಳಗೆ 'ಅಲಾರಂಗೋಸ್ಕರ' ಫೋನನ್ನು ದಿಂಬಿನ ಬಳಿಗೆ ತಂದಿರುತ್ತಾರೆ. ರಾತ್ರಿ ತುರ್ತು ಕರೆ ಬರಬಹುದಾದ ಮನೆಯಾದರೆ ಸದ್ದು ಕೇಳುವಷ್ಟು ದೂರದಲ್ಲಿಡಿ, ಕೈಗೆ ಎಟುಕುವಷ್ಟು ಹತ್ತಿರದಲ್ಲಿ ಬೇಡ. ಪರದೆಯ ನೀಲಿ ಬೆಳಕನ್ನೇ ದೂರಿ ಹಳದಿ ಬಣ್ಣ ಹಾಕಿಕೊಂಡು ಸುಮ್ಮನಾಗುವವರಿದ್ದಾರೆ. ಬೆಳಕಿನ ಪಾಲು ಇದೆ, ಆದರೆ ಇನ್ನೊಂದು ನೋಡೋಣ ಎನ್ನುತ್ತಾ ಮಲಗುವ ಹೊತ್ತೇ ಮುಂದಕ್ಕೆ ಹೋಗುವುದು ದೊಡ್ಡ ನಷ್ಟ. ಹಳದಿ ಪರದೆಯಲ್ಲೂ ರಾತ್ರಿ ಎರಡಾಗುತ್ತದೆ.

ನೋಟಿಫಿಕೇಶನ್ ವಿಷಯದಲ್ಲಿ ಜನ ಪೂರ್ತಿ ಬಂದ್ ಮಾಡಿ ಕೈಸುಟ್ಟುಕೊಳ್ಳುತ್ತಾರೆ. ಏನೂ ಬಾರದಿದ್ದರೆ ಏನೋ ತಪ್ಪಿಹೋಗುತ್ತಿದೆ ಎಂಬ ಕಳವಳ ಹೆಚ್ಚಿ, ತಾವಾಗಿಯೇ ತೆರೆದು ನೋಡುವುದು ಜಾಸ್ತಿಯಾಗುತ್ತದೆ. 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ನೋಟಿಫಿಕೇಶನ್‌ಗಳನ್ನು ದಿನಕ್ಕೆ ಮೂರು ಸಲ ಒಟ್ಟುಗೂಡಿಸಿ ಕೊಟ್ಟವರ ಗಮನ, ಮನಸ್ಥಿತಿ ಸುಧಾರಿಸಿತು. ಪೂರ್ತಿ ನಿಲ್ಲಿಸಿದವರಲ್ಲಿ ಆತಂಕ ಹೆಚ್ಚಿತು. ಆದ್ದರಿಂದ ಕರೆಗಳನ್ನೂ ನಿಜವಾದ ಮನುಷ್ಯರು ನೇರವಾಗಿ ನಿಮಗೇ ಕಳಿಸುವ ಸಂದೇಶಗಳನ್ನೂ ಉಳಿಸಿ. ಲೈಕ್, 'ನಿಮಗಾಗಿ', ರಿಯಾಯಿತಿ, 'ಬಹಳ ದಿನವಾಯ್ತು ಬಂದು' ಎಂಬ ಎಲ್ಲ ಯಂತ್ರದ ಕರೆಗಳನ್ನು ತೆಗೆಯಿರಿ. ಗುಂಪುಗಳ ಸಂದೇಶಗಳನ್ನು ನೋಡುವುದನ್ನು ಬೆಳಗ್ಗೆ, ಮಧ್ಯಾಹ್ನ, ಸಂಜೆ ಎಂದು ಮೂರು ಹೊತ್ತಿಗೆ ನಿಗದಿ ಮಾಡಿ.

ಅತಿ ಸೆಳೆಯುವ ಆ್ಯಪ್ ತೆಗೆದು, ಬೇಕಾದಾಗ ಬ್ರೌಸರಿನಲ್ಲಿ ತೆರೆಯುವುದು, ಪ್ರತಿ ಸಲ ಲಾಗ್‌ಔಟ್ ಮಾಡುವುದು, ಉಳಿಸಿಟ್ಟ ಪಾಸ್‌ವರ್ಡನ್ನೂ ಕಾರ್ಡ್ ವಿವರವನ್ನೂ ಅಳಿಸುವುದು, ತಾನಾಗಿ ಓಡುವ ವೀಡಿಯೊ ನಿಲ್ಲಿಸುವುದು ಇವೆಲ್ಲ ಹೊಸಿಲುಗಳಿದ್ದಂತೆ. ದಾಟಲು 20 ಸೆಕೆಂಡು ಸಾಕು, ಆದರೆ ಆ 20 ಸೆಕೆಂಡಿನಲ್ಲಿ ಎಚ್ಚರ ಬರುತ್ತದೆ. ಪರದೆಯನ್ನು ಕಪ್ಪು-ಬಿಳುಪು ಮಾಡುವುದೂ ಕೊಂಚ ಸಹಾಯಕ. ಸಮಯದ ಮಿತಿ ಹಾಕುವ ಆ್ಯಪ್‌ಗಳ ಮೇಲೆ ನನಗೆ ಹೆಚ್ಚು ಭರವಸೆಯಿಲ್ಲ; 'ಇನ್ನು 15 ನಿಮಿಷ' ಎಂಬ ಗುಂಡಿ ಅಲ್ಲೇ ಇರುತ್ತದೆ, ಎರಡು ವಾರದಲ್ಲಿ ಬೆರಳು ಅದನ್ನೂ ಕಲಿಯುತ್ತದೆ. ಪಾಸ್‌ಕೋಡ್ ಇನ್ನೊಬ್ಬರ ಬಳಿ ಇದ್ದರೆ ಮಾತು ಬೇರೆ.

ನಿಯಮಗಳನ್ನು ಬರೆಯುವಾಗ 'ಕಡಿಮೆ ಮಾಡುತ್ತೇನೆ' ಎಂದು ಬರೆದರೆ ಅದು ಹಾರೈಕೆ. ಪೀಟರ್ ಗಾಲ್ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು ತೋರಿಸಿದ ಹಾಗೆ, ಇಂಥದ್ದು ನಡೆದಾಗ ಇಂಥದ್ದು ಮಾಡುತ್ತೇನೆ ಎಂಬ ಜೋಡಿ ಗಟ್ಟಿಯಾಗಿ ನಿಲ್ಲುತ್ತದೆ. 'ರಾತ್ರಿಯ ತಟ್ಟೆ ತೊಳೆದಿಟ್ಟ ಕೂಡಲೇ ಫೋನನ್ನು ಹೊರಗಿನ ಚಾರ್ಜರಿಗೆ ಹಾಕುತ್ತೇನೆ.' ಹೊಸ ರೂಢಿ ತಾನಾಗಿ ನಡೆಯಲು 21 ದಿನ ಸಾಕೆಂಬ ಮಾತಿಗೆ ಆಧಾರವಿಲ್ಲ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ನಡೆಸಿ 2010ರಲ್ಲಿ ಮುದ್ರಿಸಿದ ಅಧ್ಯಯನದಲ್ಲಿ ಅದಕ್ಕೆ ಹಿಡಿದ ಕಾಲದ ಮಧ್ಯಮ ಅಂಕಿ 66 ದಿನ. ಒಬ್ಬೊಬ್ಬರಿಗೆ 18ರಿಂದ 254 ದಿನದವರೆಗೆ ಹರಡಿತ್ತು. ಮಧ್ಯೆ ಒಂದು ದಿನ ತಪ್ಪಿದ್ದರಿಂದ ದೊಡ್ಡ ಹಾನಿಯಾಗಲಿಲ್ಲ ಎಂಬುದೂ ಅದರಲ್ಲೇ ಕಂಡ ಸಂಗತಿ.

ಗೇಮ್ ಆಡುವವರಿಗೆ ಗಂಟೆಯ ಮಿತಿ ಕೆಲಸ ಮಾಡದಿರಲು ಕಾರಣ ಆಟದ ರಚನೆಯಲ್ಲೇ ಇದೆ. ತಂಡದ ಪಂದ್ಯ ಎಂಟು ಗಂಟೆಗೆ ಸರಿಯಾಗಿ ಮುಗಿಯುವುದಿಲ್ಲ. ಮಧ್ಯದಲ್ಲಿ ಎದ್ದರೆ ಉಳಿದವರಿಗೆ ಕೈಕೊಟ್ಟಂತೆ, ಕೆಲವು ಆಟಗಳಲ್ಲಿ ದಂಡವೂ ಉಂಟು. ಮಿತಿಯನ್ನು ಪಂದ್ಯಗಳ ಲೆಕ್ಕದಲ್ಲಿ ಹಾಕಿ: ಇಂದು ಎರಡು, ಅದೂ ಎರಡನೆಯದು ಎಂಟೂವರೆಯೊಳಗೆ ಶುರುವಾಗುವುದಾದರೆ ಮಾತ್ರ. ತಂಡಕ್ಕೆ ಮುಂಚೆಯೇ ತಿಳಿಸಿಬಿಡುವುದು ಒಳ್ಳೆಯದು. ಪ್ರತಿದಿನ ಲಾಗಿನ್ ಆದರೆ ಸಿಗುವ ಬಹುಮಾನದ ಸರಣಿಯನ್ನು ಬೇಕೆಂದೇ ಒಂದು ದಿನ ತಪ್ಪಿಸಿ. ಸರಣಿ ಕಡಿದ ಮೇಲೆ ಎಷ್ಟೋ ಜನರಿಗೆ ಆಟದ ಭಾರವೇ ಇಳಿದಂತಾಗುತ್ತದೆ.

ಪೂರ್ತಿ ಬಿಡಬೇಕೇ, ಮಿತಿಯಲ್ಲಿಡಬೇಕೇ? ಜೂಜಿಗೆ, ಹಿಡಿತಕ್ಕೆ ಸಿಗುವುದೇ ಇಲ್ಲ ಎಂದು ಪದೇ ಪದೇ ಗೊತ್ತಾದ ಆ ಒಂದು ಆಟಕ್ಕೆ, ಪೂರ್ತಿ ಬಿಡುವುದೇ ಸುಲಭ. ಫೋನನ್ನೇ ಬಿಡುವುದು ಇಂದು ಯಾರಿಗೂ ಸಾಧ್ಯವಿಲ್ಲ. ಊಟದ ಸಮಸ್ಯೆಯಿದ್ದವರು ಊಟ ಬಿಡಲಾಗದ ಹಾಗೆ. ಆದ್ದರಿಂದ ನಿಯಮ ಉಪಕರಣದ ಮೇಲೆ ಬೇಡ, ಅದರೊಳಗಿನ ನಿರ್ದಿಷ್ಟ ಬಾಗಿಲಿನ ಮೇಲಿರಲಿ: ನಕ್ಷೆ ಸರಿ, ಕರೆ ಸರಿ, ಕೊನೆಯಿಲ್ಲದ ಸ್ಕ್ರಾಲ್ ಈ ಫೋನಿನಲ್ಲಿ ಇಲ್ಲ.

ತುಡಿತ ಬಂದಾಗ, ಜಾರಿದಾಗ

ಮೊದಲ ಕೆಲವು ದಿನ ಚಡಪಡಿಕೆ, ಸಿಡಿಮಿಡಿ, ಬೇಸರ, ನಿದ್ದೆಯ ಏರುಪೇರು ಬರಬಹುದು. ಗೊತ್ತಿದ್ದರೆ ಹೆದರಿಕೆಯಾಗುವುದಿಲ್ಲ.

ತುಡಿತ ಅಲೆಯಂತೆ ಬರುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಏರಿ, ತುದಿ ಮುಟ್ಟಿ, ಇಳಿಯುತ್ತದೆ. ಏರುವಾಗ ಅದು ಹೀಗೇ ಏರುತ್ತಲೇ ಹೋಗುತ್ತದೆ ಎನಿಸುವುದೇ ಮೋಸ. ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಬಳಕೆಗೆ ತಂದ ಕ್ರಮ ಸರಳ: ಅದರೊಂದಿಗೆ ಹೋರಾಡಬೇಡಿ, ಅದಕ್ಕೆ ಸೋಲಲೂ ಬೇಡಿ, ಅಲೆಯ ಮೇಲೆ ತೇಲಿ. ಗಡಿಯಾರ ನೋಡಿ ಗಂಟೆ ಬರೆದುಕೊಳ್ಳಿ. ತುಡಿತಕ್ಕೆ 0ರಿಂದ 10ರೊಳಗೆ ಅಂಕ ಕೊಡಿ. ದೇಹದಲ್ಲಿ ಎಲ್ಲಿದೆ ಎಂದು ನೋಡಿ. ಎದೆಯಲ್ಲಿ ಬಿಗಿತವೇ, ಬೆರಳಲ್ಲಿ ನವೆಯೇ, ದವಡೆ ಕಚ್ಚಿದೆಯೇ. ಕೋಣೆ ಬದಲಿಸಿ. 10 ನಿಮಿಷ ಯಾವ ನಿರ್ಧಾರವನ್ನೂ ಮಾಡದೆ ಇದ್ದು ಮತ್ತೆ ಅಂಕ ಕೊಡಿ. 8 ಇದ್ದದ್ದು 5ಕ್ಕೆ ಬಂದಿದ್ದರೆ ಇನ್ನೊಂದು 10 ನಿಮಿಷ. ಇದು ಕೆಡುವುದು ಮುಖ್ಯವಾಗಿ ಒಂದೇ ಕಾರಣಕ್ಕೆ: ಫೋನನ್ನು ಕೈಯಲ್ಲೇ ಹಿಡಿದು ಕಾಯುತ್ತಾರೆ. 'ನೋಡಬಾರದು, ನೋಡಬಾರದು' ಎಂದು ಜಪಿಸಿದರೂ ಅದೇ ಗತಿ, ಮನಸ್ಸಿನಲ್ಲಿ ಪರದೆಯೇ ತುಂಬಿರುತ್ತದೆ.

ಜಾರುವುದಂತೂ ಇದ್ದದ್ದೇ. ಜಾರಿದ ಮೇಲಿನ ಯೋಚನೆ ಜಾರಿದ್ದಕ್ಕಿಂತ ಅಪಾಯಕಾರಿ. ಒಂದು ರಾತ್ರಿ ಎರಡು ಗಂಟೆ ಆಡಿದ್ದಾಯಿತು. 'ಹೇಗೂ ಕೆಟ್ಟಿತು, ನನ್ನಿಂದ ಇದಾಗದು' ಎಂಬ ನಾಚಿಕೆ ಬಂದು, ಆ ನಾಚಿಕೆ ಮರೆಯಲು ಮುಂದಿನ ಎರಡು ವಾರ ಆಡುವುದು. ಮಾರ್ಲಟ್ ಇದನ್ನು ಪ್ರತ್ಯೇಕವಾಗಿ ಗುರುತಿಸಿ ವಿವರಿಸಿದ್ದರು. ಇದಕ್ಕೆ ಮದ್ದು ಜಾರುವ ಮೊದಲೇ ಬರೆದಿಟ್ಟ ಒಂದು ಚೀಟಿ: ಮುಚ್ಚು, ಆ ಜಾಗದಿಂದ ಏಳು, ಇಂಥವರಿಗೆ ಒಂದು ಸಾಲು ತಿಳಿಸು, ಪುಸ್ತಕದಲ್ಲಿ ಬರೆ, ನಾಳೆ ಬೆಳಗ್ಗೆಯಿಂದ ಹಳೆಯ ನಿಯಮವೇ. ನಿಯಮವನ್ನು ಇನ್ನೂ ಕಠಿಣಗೊಳಿಸುವುದು ಬೇಡ. ಪಶ್ಚಾತ್ತಾಪದಲ್ಲಿ ಮಾಡಿದ ನಿಯಮ ಮೂರು ದಿನ ಬಾಳುವುದಿಲ್ಲ.

ಜೂಜಿಗೆ ಬೇರೆ ಕಟ್ಟು

ಜೂಜನ್ನು ರೀಲ್ಸ್ ಜೊತೆ ಒಂದೇ ಉಸಿರಿನಲ್ಲಿ ಹೇಳುವುದು ಸರಿಯಲ್ಲ. ಅಲ್ಲಿ ಸಾಲವಿದೆ, ಬಚ್ಚಿಟ್ಟ ಸುಳ್ಳಿದೆ, ಜೀವಕ್ಕೆ ಅಪಾಯವಿದೆ. ಕಳೆದದ್ದನ್ನು ಮರಳಿ ಗೆಲ್ಲಲು ಇನ್ನಷ್ಟು ಹಾಕುವುದು ಈ ಕಾಯಿಲೆಯ ನಡುಗಂಬ. ಒಂದೇ ಅಂಕದಿಂದ ತಪ್ಪಿತು ಎಂಬ 'ಸ್ವಲ್ಪದರಲ್ಲೇ' ಸೋಲು ಕೂಡ ಗೆಲುವಿಗೆ ಮಿಡಿಯುವ ಮೆದುಳಿನ ಭಾಗಗಳನ್ನೇ ಮಿಡಿಸುತ್ತದೆ ಎಂದು ಲ್ಯೂಕ್ ಕ್ಲಾರ್ಕ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದರು. ಸೋತವನಿಗೆ ಹತ್ತಿರ ಬಂದೆ ಎನಿಸುತ್ತದೆ. ಗಣಿತದಲ್ಲಿ ಅಂಥ ಹತ್ತಿರ ಎಂಬುದಿಲ್ಲ.

ಪರೀಕ್ಷಿಸಲು ಎರಡೇ ಪ್ರಶ್ನೆಗಳ ಒಂದು ಸಾಧನ ಬಳಕೆಯಲ್ಲಿದೆ: ಪಣದ ಹಣವನ್ನು ಹೆಚ್ಚಿಸುತ್ತಲೇ ಹೋಗಬೇಕು ಎಂದು ಎಂದಾದರೂ ಅನಿಸಿದೆಯೇ? ಎಷ್ಟು ಆಡುತ್ತೀರಿ ಎಂಬುದರ ಬಗ್ಗೆ ನಿಮಗೆ ಮುಖ್ಯರಾದವರಿಗೆ ಸುಳ್ಳು ಹೇಳಬೇಕಾಗಿ ಬಂದಿದೆಯೇ? ಒಂದಕ್ಕೆ ಹೌದು ಎಂದರೂ ಮುಂದಿನ ತಪಾಸಣೆ ಬೇಕು.

ಇಲ್ಲಿ ಮೊದಲ ಹೆಜ್ಜೆ ಹಣದ ದಾರಿ ಮುಚ್ಚುವುದು. ಖಾತೆ, ಕಾರ್ಡ್, ಪಾವತಿ ಆ್ಯಪ್‌ಗಳ ಹೊಣೆಯನ್ನು ಕೆಲವು ತಿಂಗಳ ಮಟ್ಟಿಗೆ ನಂಬಿಕೆಯವರಿಗೆ ಒಪ್ಪಿಸಿ, ದಿನದ ಖರ್ಚಿಗಷ್ಟೇ ಕೈಯಲ್ಲಿಟ್ಟುಕೊಳ್ಳಬೇಕು. ಪ್ರತಿಯೊಂದು ತಾಣದಲ್ಲೂ ತನ್ನನ್ನು ತಾನೇ ಹೊರಗಿಡಿಸಿಕೊಳ್ಳುವ ಅವಕಾಶವಿದ್ದರೆ ಬಳಸಬೇಕು; ಒಂದು ಬಿಟ್ಟರೂ ಅದೇ ಬಾಗಿಲು. ಜೂಜಿನ ಪಾವತಿಗಳನ್ನು ತಡೆಯುವ ಸೌಲಭ್ಯ ಬ್ಯಾಂಕಿನಲ್ಲಿದೆಯೇ ಕೇಳಿ, ತಡೆಯುವ ಸಾಫ್ಟ್‌ವೇರನ್ನು ಮನೆಯ ಎಲ್ಲ ಉಪಕರಣಗಳಿಗೂ ಹಾಕಿ. ಸಾಲದ ಪಟ್ಟಿಯನ್ನು ಒಂದೇ ಸಲ, ಪೂರ್ತಿಯಾಗಿ ಬರೆಯಿಸಿ. ಹೆಚ್ಚಿನವರು ಮೊದಲ ಸಲ ಅರ್ಧವನ್ನಷ್ಟೇ ಹೇಳುತ್ತಾರೆ, ಉಳಿದರ್ಧವನ್ನು ಗುಟ್ಟಾಗಿ ತೀರಿಸಲು ಮತ್ತೆ ಆಡುತ್ತಾರೆ. ಮನೆಯವರು ಪ್ರೀತಿಯಿಂದ ಇಡೀ ಸಾಲ ತೀರಿಸಿ ಕೈತೊಳೆದುಕೊಂಡರೆ ಆಟಕ್ಕೆ ಹೊಸ ಸಾಲದ ದಾರಿ ತೆರೆದಂತಾಗುತ್ತದೆ. ಸಹಾಯ ಮಾಡುವುದಾದರೆ ನೇರವಾಗಿ ಸಾಲ ಕೊಟ್ಟವರಿಗೆ, ಕಂತಿನಲ್ಲಿ, ಚಿಕಿತ್ಸೆಯ ಜೊತೆಗೆ. ಸಾಲ ಬಯಲಾದ ದಿನಗಳು ಅತಿ ಅಪಾಯದವು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಹಲವರಿಗೆ ಗೊತ್ತಿಲ್ಲದ ಇನ್ನೊಂದು ವಿಷಯ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್‌ನಂಥ ಔಷಧಗಳಿಂದ ಕೆಲವರಲ್ಲಿ ಜೂಜು, ಖರೀದಿ, ತಿನ್ನುವುದು, ಕಾಮ ಇವುಗಳ ತುಡಿತ ಇದ್ದಕ್ಕಿದ್ದಂತೆ ಏರುತ್ತದೆ. ಕಾಲು ಚಡಪಡಿಕೆಯ ಕಾಯಿಲೆಗೂ ಇವನ್ನು ಕೊಡುತ್ತಾರೆ. ಜೀವನವಿಡೀ ಇಸ್ಪೀಟು ಮುಟ್ಟದ ಹಿರಿಯರು ಹಠಾತ್ತನೆ ಪಣಕ್ಕಿಳಿದರೆ ಬೈಯುವ ಮೊದಲು ಮಾತ್ರೆಯ ಪಟ್ಟಿ ನೋಡಿ. ತಾವಾಗಿ ನಿಲ್ಲಿಸಬಾರದು, ಬರೆದುಕೊಟ್ಟ ವೈದ್ಯರಿಗೆ ಕೂಡಲೇ ಹೇಳಬೇಕು.

ಮನೆಯವರು, ಮತ್ತು ವೈದ್ಯರ ಬಳಿಗೆ

ಪಂದ್ಯದ ನಡುವೆ ವೈಫೈ ಕಿತ್ತು ಫೋನ್ ಕಸಿದುಕೊಂಡರೆ ಆ ರಾತ್ರಿ ಜಗಳ ಗೆಲ್ಲಬಹುದು. ಮರುದಿನದಿಂದ ಬಳಕೆ ಗುಟ್ಟಾಗುತ್ತದೆ. ಮಾತಿಗೆ ಪರದೆ ಇಲ್ಲದ, ಇಬ್ಬರೂ ಶಾಂತವಾಗಿರುವ ಹೊತ್ತು ಬೇಕು. 'ಯಾವಾಗಲೂ ಅದನ್ನೇ ನೋಡುತ್ತೀಯ' ಎನ್ನುವ ಬದಲು 'ಈ ವಾರ ನಾಲ್ಕು ದಿನ ಮೊದಲ ಪೀರಿಯಡ್ ತಪ್ಪಿದೆ' ಎಂದು ಕಂಡದ್ದನ್ನಷ್ಟೇ ಹೇಳಿ. ಆಟದಲ್ಲಿ ಏನು ಸಿಗುತ್ತದೆ ಎಂದು ನಿಜವಾದ ಕುತೂಹಲದಿಂದ ಕೇಳಿ. ಒಪ್ಪಿಕೊಂಡ ನಿಯಮ ಅಪ್ಪ ಅಮ್ಮನಿಗೂ ಅನ್ವಯಿಸಲಿ; ಊಟದ ಹೊತ್ತಿನಲ್ಲಿ ತಂದೆಯ ಕೈಯಲ್ಲಿ ಫೋನಿದ್ದರೆ ಮಗನಿಗೆ ಹೇಳುವ ಮಾತಿಗೆ ತೂಕವಿಲ್ಲ.

ತಿಂಗಳೆರಡು ಪ್ರಾಮಾಣಿಕವಾಗಿ ಪ್ರಯತ್ನಿಸಿಯೂ ಹಿಡಿತ ಬಾರದಿದ್ದರೆ, ಶಾಲೆಯೋ ಕೆಲಸವೋ ನಿಂತುಹೋಗಿದ್ದರೆ, ಹಗಲು ರಾತ್ರಿ ಅದಲುಬದಲಾಗಿದ್ದರೆ ಮನೋವೈದ್ಯರನ್ನೋ ಚಿಕಿತ್ಸಾ ಮನಶ್ಶಾಸ್ತ್ರಜ್ಞರನ್ನೋ ಕಾಣಬೇಕು. ಫೋನ್ ತೆಗೆದಾಗ ಹೊಡೆದಾಟ ಅಥವಾ ಜೀವಕ್ಕೆ ಹಾನಿ ಮಾಡಿಕೊಳ್ಳುವ ಮಾತು ಬಂದರೆ ಆ ಕ್ಷಣವೇ. ಅವರು ಮೊದಲು ಹುಡುಕುವುದು ಜೊತೆಗಿರಬಹುದಾದ ಖಿನ್ನತೆ, ಸಾಮಾಜಿಕ ಆತಂಕ, ಗಮನದ ಕೊರತೆ, ನಿದ್ದೆಯ ಕಾಯಿಲೆಗಳನ್ನು. ಅವು ಇದ್ದು ಅವಕ್ಕೆ ಚಿಕಿತ್ಸೆ ಸಿಗದಿದ್ದರೆ ಮೇಲೆ ಹೇಳಿದ ಯಾವ ಹೊಸಿಲೂ ನಿಲ್ಲುವುದಿಲ್ಲ. ಹೆಚ್ಚು ಆಧಾರವಿರುವ ಚಿಕಿತ್ಸೆ ಎಂದರೆ ಯೋಚನೆ-ವರ್ತನೆಗಳ ಜೋಡಿಯನ್ನು ಹಂತಹಂತವಾಗಿ ಬಿಡಿಸುವ ಮಾತಿನ ಚಿಕಿತ್ಸೆ, ವಾರಕ್ಕೊಂದರಂತೆ ಕೆಲವು ತಿಂಗಳು. ಜೂಜಿಗೆ ಕೆಲವು ಸಲ ನಾಲ್ಟ್ರೆಕ್ಸೋನ್ ಎಂಬ ಮಾತ್ರೆಯನ್ನೂ ಕೊಡುತ್ತಾರೆ; ಗೇಮಿಂಗಿಗೆಂದೇ ಇರುವ ಮಾತ್ರೆ ಇಲ್ಲ.

ಹೋಗುವಾಗ ಆ 7 ದಿನದ ಪುಸ್ತಕ ಒಯ್ಯಿರಿ, ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹೆಸರು ಬರೆದುಕೊಳ್ಳಿ. ಪುಸ್ತಕದಲ್ಲಿ ಬರೆಯದೆ ಖಾಲಿ ಬಿಟ್ಟ ದಿನಗಳಿದ್ದರೆ ಆ ಹಾಳೆಗಳನ್ನು ಹರಿಯಬೇಡಿ. ಆ ದಿನ ಏನಾಗಿತ್ತು ಎಂಬಲ್ಲಿಂದಲೇ ಬಹಳ ಸಲ ಮಾತು ಶುರುವಾಗುತ್ತದೆ.